ಸುತ್ತಳತೆ

ಶಿರಾ ಗೇಟಿನ ಸಾಮಿಲ್ಲಿನಲ್ಲಿ ನನ್ನ ಕೆಲಸ ಅಳೆಯುವುದು.
ಟೇಪು, ಸೀಮೆಸುಣ್ಣ, ಕಿವಿಯ ಸಂದಿಗೆ ಪೆನ್ಸಿಲು.
ಬೆರಳ ಗೆಣ್ಣಿನಿಂದ ಬಡಿದು, ಮರ
ಟೊಳ್ಳೋ ಗಟ್ಟಿಯೋ ಹೇಳಬಲ್ಲೆ.
ಕಡಿಯುವವರು ಬೇರೆ. ನಾನು ಬರೀ ಲೆಕ್ಕ.

ಫೋನಿನಲ್ಲಿ ಈರನಾಗಮ್ಮ ಹೇಳಿದ್ದಳು:
"ಹಲಸಿನ ಮರ ಐತೆ, ಎಳ್ಳಮಾಸೆ ದಿನ ಬನ್ನಿ.
ಕೊಡಲಿ ಮರೀಬ್ಯಾಡಿ."
ಅಳೆಯೋಕೆ ಕೊಡಲಿ ಯಾಕೆ,
ಅಮಾಸೆ ದಿನ ಯಾರು ವ್ಯಾಪಾರ ಮಾಡ್ತಾರೆ,
ಕೇಳಬೇಕಿತ್ತು. ಕೇಳಲಿಲ್ಲ.
ಗೋಣಿಯಲ್ಲಿ ಸುತ್ತಿದ ಕೊಡಲಿಗೆ
ಕಂಡಕ್ಟರು ಲಗೇಜು ಹರಿದ.

ಚೇಳೂರು ದಾಟಿ ಎರಡು ಮೈಲಿ, ಹೊಲದ ಬದುವಿನ ಮೇಲೆ ಮರ.
ಎದೆಮಟ್ಟಕ್ಕೆ ಏಳೂಕಾಲು ಅಡಿ ಸುತ್ತು.
ಹದಿನಾಲ್ಕು ಅಡಿ ಗಂಟಿಲ್ಲದ ಬೊಡ್ಡೆ.
ಕಣ್ಣಲ್ಲೇ ಸೀಳಿಬಿಟ್ಟೆ: ಎರಡು ಬಾಗಿಲುವಾಡ,
ಒಂದು ತೊಟ್ಟಿಲು, ಉಳಿದದ್ದರಲ್ಲಿ
ಯಾವನಾದರೂ ಡೋಲಿನವನಿಗೆ ಒಂದು ಒಡಲು.
ಹಲಸು ಕೊಯ್ದ ದಿನ ನನ್ನ ರೆಪ್ಪೆಯ ಮೇಲೂ
ಅರಿಶಿನದಂಥ ಹುಡಿ ಕೂತಿರುತ್ತದೆ.
ಮಗಳು ಕೇಳುತ್ತಾಳೆ, ಯಾರ ಮದುವೆಗೆ ಹೋಗಿದ್ದೆ?

"ಎಷ್ಟಕ್ಕೆ ಕೊಡ್ತೀಯಮ್ಮ?"

ಅವಳು ನನಗೆ ಉತ್ತರ ಕೊಡಲಿಲ್ಲ.
ಮರಕ್ಕೆ ಕೇಳುವಂತೆ ಗಂಟಲೆತ್ತಿದಳು:
"ನಾಕು ವರ್ಷ! ಒಂದು ಹೀಚು ಕಚ್ಚಿಲ್ಲ.
ತಿನ್ನೋದು ಗೊಬ್ಬರ, ಕೊಡೋದು ಮೇಕೆಗೆ ಸೊಪ್ಪು.
ಕಡೀರಿ ಮೇಸ್ತ್ರೀ, ಈಗ್ಲೇ, ಬುಡಕ್ಕೇ ಹಾಕಿ!"

ಕೊಡಲಿ ಎತ್ತಿದೆ.
ಯಾಕೆ ಎತ್ತಿದೆನೋ.

ಬದುವಿನಾಚೆಯಿಂದ ಕಾಮಕ್ಕ ಓಡಿಬಂದಳು.
ಒಂದು ಮೊಳ ಬದುವಿಗಾಗಿ
ಇವರಿಬ್ಬರಿಗೂ ಮೂರು ವರ್ಷದಿಂದ ಮಾತಿಲ್ಲವಂತೆ.
ಸೆರಗು ಸೊಂಟಕ್ಕೆ ಸಿಕ್ಕಿಸಿ ಬೊಡ್ಡೆ ತಬ್ಬಿಕೊಂಡಳು:
"ಬ್ಯಾಡ ಕಣಣ್ಣ, ತಪ್ಪಾಯ್ತಂತೆ ಅದಕ್ಕೆ.
ಬರೋ ವರ್ಷ ಬಿಡ್ತದೆ. ನಾನು ಜವಾಬು."
"ಜವಾಬು ಹೇಳೋಕೆ ನೀನ್ಯಾರೇ?"
"ಅದರ ನೆರಳು ನನ್ನ ಹೊಲಕ್ಕೂ ಬೀಳ್ತದೆ!"

ಆಮೇಲಿನ ಮಾತು ಮರಕ್ಕಲ್ಲ.
ಕಲ್ಲು ಕಿತ್ತಿದ್ದು ಬಂತು, ಕಾಣೆಯಾದ ಹುಂಜ ಬಂತು,
ಸತ್ತ ಗಂಡಂದಿರಿಬ್ಬರೂ ಎದ್ದು ಬಂದರು,
ಹೆರಿಗೆಯ ರಾತ್ರಿ ಒಬ್ಬಳು ಇನ್ನೊಬ್ಬಳಿಗೆ
ಕಾಯಿಸಿಕೊಟ್ಟ ನೀರು ಬಂತು.
ನಾನು ಎತ್ತಿದ ಕೊಡಲಿ ಎತ್ತಿಕೊಂಡೇ ಇದ್ದೆ.
ರಟ್ಟೆ ಸೋತಿತ್ತು.
ಕೊನೆಗೆ ಮೂಗೊರೆಸಿಕೊಂಡು ಇಬ್ಬರೂ ತಿರುಗಿದರು:
"ಇಳಿಸಿ, ಸಾಕು. ಕೇಳಿಸ್ಕೊಂಡೈತೆ."

ಹೋದ ಸಲ ಮೈದುನನ ಕೈಲಿ ಹೆದರಿಸಿದ್ದರಂತೆ.
"ಅವನ್ನ ನೋಡಿ ನಗ್ತಿತ್ತು ಮರ.
ನೀವಾದ್ರೆ ದಿಟದೋರು. ನಿಮ್ಮ ಮೈಯಾಗೆ
ಕೊಯ್ದ ಮರದ ವಾಸ್ನೆ ಐತೆ."

ಬಸ್ಸಿನ ಕಾಸು ಕೊಟ್ಟರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ.
ಬದುವಿನ ಮೇಲೇ ಕೂತು ಮೂವರೂ ತಿಂದೆವು.
ವಾಪಸು ಬರುವಾಗ ಗುಬ್ಬಿಯವರೆಗೂ
ಅಂಗೈ ಮೂಸಿ ಮೂಸಿ ನೋಡಿಕೊಂಡೆ.

ಆಷಾಢದಲ್ಲಿ ಮಿಲ್ಲಿನ ಗೇಟಿಗೆ ಒಂದು ಚೀಲ ಬಂದಿಳಿಯಿತು.
ಕೊಂಬೆಯ ಹಣ್ಣಲ್ಲ.
ಬೇರಿಗೆ ಕಚ್ಚಿ, ಮಣ್ಣೊಳಗೇ ದಪ್ಪವಾಗಿ,
ನೆಲ ಬಿರಿದಾಗ ಘಮಕ್ಕೆ ಸಿಕ್ಕಿಬಿದ್ದದ್ದು.
ಬದುವಿನ ಯಾವ ಕಡೆಯ ಬೇರು?
ತಂದ ಹುಡುಗನಿಗೆ ಗೊತ್ತಿಲ್ಲ,
ಹೇಳಬೇಡ ಅಂದಿದ್ದಾರಂತೆ.

ಕೈಗೆ ಎಣ್ಣೆ ಸವರಿ, ಗರಗಸ ನಿಲ್ಲಿಸಿ,
ಹಲಗೆಯ ಮೇಲೇ ಸೀಳಿದೆವು.
ಬೆಳಗಿನಿಂದ ಹಸಿದಿದ್ದೆವು, ಹಲಸಿಗೆ ಅದೇ ಮುಹೂರ್ತ.
ತೊಳೆ ಯಾವುದು, ಹೊಟ್ಟು ಯಾವುದು,
ಬಣ್ಣದಲ್ಲಿ ಗೊತ್ತಾಗದೆ
ಒಂದಿಷ್ಟು ಹೊಟ್ಟೂ ಹೊಟ್ಟೆಗೆ ಹೋಯಿತು.
ಬೀಜವನ್ನು ದಸ್ತಗೀರ್ ಸಾಹೇಬರು
ಎಣಿಸಿ ಜೇಬಿಗೆ ಹಾಕಿಕೊಂಡರು, ಸಾರಿಗೆ.

ನನ್ನ ಪುಸ್ತಕದಲ್ಲಿ ಆ ಸಾಲು ಹಾಗೇ ಇದೆ:
ಹಲಸು, ಏಳೂಕಾಲು, ಹದಿನಾಲ್ಕು.
ಬೆಲೆಯ ಕಾಲಮ್ಮಿನಲ್ಲಿ ಏನೂ ಇಲ್ಲ.

ಟೇಪಿಗೆ ಅವತ್ತು ಹತ್ತಿದ ಮೇಣ
ಸೀಮೆಎಣ್ಣೆಗೂ ಬಿಟ್ಟಿಲ್ಲ.
ಯಾವ ಮರಕ್ಕೆ ಸುತ್ತಿದರೂ
ಏಳಡಿಯ ಹತ್ತಿರ ಬಂದು
ಒಂದು ಕ್ಷಣ
ಹಿಡಿದುಕೊಳ್ಳುತ್ತದೆ.